ಹಳೆಯ ಟ್ರಾಲರ್ ಮತ್ತು ನಾನು ಅರ್ಜಿಯಲ್ಲಿ ಬರೆಯದೆ ಬಿಟ್ಟ ವಿಷಯ

ನಾನು ಹಡಗಿನ ಎಂಜಿನಿಯರ್. ಊರು ಗಂಗೊಳ್ಳಿ. ಪಿಯುಸಿ ರಜೆಯಲ್ಲೆಲ್ಲ ಮಾವನ ನಾಡದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದೆ. ಈಗಿನ ಕೆಲಸಕ್ಕೆ ಅರ್ಜಿ ಹಾಕುವಾಗ ಅದನ್ನು ಬರೆಯಲಿಲ್ಲ. ಮೀನಿನ ದೋಣಿ ಅಂದರೆ ಕಡಿಮೆ ಅಂದುಕೊಳ್ಳುತ್ತಾರೇನೋ ಎಂಬ ಹೆದರಿಕೆ.

ನಮ್ಮದು ಅಂಟಾರ್ಕ್ಟಿಕಾ ಕಡೆ ಪ್ರವಾಸಿಗರನ್ನು ಕರೆದೊಯ್ಯುವ ಹಡಗು. ಕಳೆದ ಸೀಸನ್‌ನಲ್ಲಿ ಸೌತ್ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕೆನ್‌ನಲ್ಲಿ ಲಂಗರು ಹಾಕಿದ್ದೆವು. ಸಿಬ್ಬಂದಿಗೂ ಒಂದು ಗಂಟೆ ದಡಕ್ಕೆ ಇಳಿಯಲು ಬಿಟ್ಟರು. ಅಲ್ಲಿ ತುಕ್ಕು ಹಿಡಿದು ನಿಂತಿರುವ 'ಡಯಾಸ್' ನೋಡಿದೆ. ಮೊದಲ ಹೆಸರು 'ವಯೋಲಾ'. 1906ರಲ್ಲಿ ಇಂಗ್ಲೆಂಡಿನ ಬೆವರ್ಲಿಯಲ್ಲಿ ಕಟ್ಟಿದ, ಹಲ್ ಬಂದರಿನ ಉಗಿ ಟ್ರಾಲರ್, ಅಂದರೆ ಬಲೆ ಎಳೆದು ಮೀನು ಹಿಡಿಯುವ ಹಡಗು. ಅದರ ಉಗಿ ಎಂಜಿನ್ ಇವತ್ತಿಗೂ ಒಳಗೇ ಇದೆ.

ಅದರ ಕೆಲಸ ಸುಲಭದ್ದಲ್ಲ. ಇಡೀ ಟ್ರಾಲರ್ ಪಡೆ ವಾರಗಟ್ಟಲೆ ಉತ್ತರ ಸಮುದ್ರದಲ್ಲೇ ಇರುತ್ತಿತ್ತು. ಹಿಡಿದ ಮೀನನ್ನು ಪೆಟ್ಟಿಗೆಗೆ ತುಂಬಿ, ಸಣ್ಣ ದೋಣಿಗೆ ಇಳಿಸಿ, ಹುಟ್ಟು ಹಾಕಿಕೊಂಡು ಹೋಗಿ ಲಂಡನ್ನಿಗೆ ಓಡುವ ಉಗಿಹಡಗಿಗೆ ಏರಿಸಬೇಕು. ಅಲೆಯ ಮೇಲೆ ಪೆಟ್ಟಿಗೆ ದಾಟಿಸುವಾಗ ಎಷ್ಟೋ ಜನ ಪ್ರಾಣ ಕಳೆದುಕೊಂಡಿದ್ದಾರೆ. ಕೆಳಗೆ ಒಬ್ಬ ಕಲ್ಲಿದ್ದಲು ಎಳೆದು ತರುತ್ತಿದ್ದ, ಇನ್ನೊಬ್ಬ ಬಾಯ್ಲರ್‌ಗೆ ಸುರಿಯುತ್ತಿದ್ದ. ಎಂಜಿನ್ ರೂಮಿನ ಬಿಸಿ ನನಗೂ ಗೊತ್ತು. ಆದರೆ ಹೊಯ್ದಾಡುವ ನೆಲದ ಮೇಲೆ ಸಲಿಕೆ ಹಿಡಿದು ನಿಂತವರ ಪಾಡು ಬೇರೆಯೇ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ನೌಕಾಪಡೆ ಇಂಥ ಸಾವಿರಕ್ಕೂ ಹೆಚ್ಚು ಟ್ರಾಲರ್‌ಗಳನ್ನು ತೆಗೆದುಕೊಂಡಿತು. ಅದಕ್ಕೆ ಮುಂಚೆಯೇ ಅಡ್ಮಿರಲ್ ಬೆರೆಸ್‌ಫರ್ಡ್ ಈ ಸಲಹೆ ಕೊಟ್ಟಿದ್ದರು. 1908ರಲ್ಲಿ ಗ್ರಿಮ್ಸ್‌ಬಿ ಬಂದರಿನ ಎರಡು ಟ್ರಾಲರ್ ತಂದು ಪರೀಕ್ಷೆಯನ್ನೂ ಮಾಡಿದ್ದರು. ಕಾರಣ ಸರಳ. ನೀರಿನಡಿಯ ಮೈನ್ (ಹಡಗು ಸಿಡಿಸಲು ಇಟ್ಟ ಬಾಂಬ್) ತೆಗೆಯಲು ಭಾರದ ತಂತಿಹಗ್ಗ ಎಳೆಯಬೇಕು. ಅದಕ್ಕೆ ಬೇಕಾದ ವಿಂಚ್, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರ, ಟ್ರಾಲರ್‌ನಲ್ಲಿ ಮೊದಲೇ ಇತ್ತು. ಎಂಥ ಹವೆಯಲ್ಲೂ ಹಗ್ಗ ಎಳೆದು ಪಳಗಿದ ಜನವೂ ಇದ್ದರು.

ನನಗೆ ತುಂಬ ಹಿಡಿಸಿದ್ದು ಒಂದು ಹಲಗೆಯ ಕತೆ. ನಮ್ಮೂರ ಟ್ರಾಲ್ ಬೋಟ್‌ನಲ್ಲಿ ಬಲೆಯ ಬಾಯಿ ಅಗಲವಾಗಲಿ ಅಂತ ಎರಡು ಬೋರ್ಡ್ ಕಟ್ಟುತ್ತಾರೆ ಅಲ್ವಾ? ಬೋಟ್ ಮುಂದೆ ಹೋದಂತೆ ನೀರು ತಳ್ಳಿ ಅವು ಎರಡು ಕಡೆಗೆ ಸರಿಯುತ್ತವೆ. ಅದೇ ಉಪಾಯದಿಂದ ಮೈನ್ ತೆಗೆಯುವ ತಂತಿಯನ್ನು ಹಡಗಿನ ಪಕ್ಕಕ್ಕೆ ದೂರ ಸರಿಸಿದರು. ತಂತಿಯಿಂದ ಮೈನನ್ನು ತಳಕ್ಕೆ ಕಟ್ಟಿದ ಹಗ್ಗ ತುಂಡಾಗುತ್ತದೆ, ಮೈನ್ ಮೇಲೆ ತೇಲುತ್ತದೆ, ಗುಂಡು ಹೊಡೆದು ಮುಗಿಸುತ್ತಾರೆ. ಈ ಸಾಧನಕ್ಕೆ ಬಂದ 'ಒರೊಪೆಸಾ' ಎಂಬ ಹೆಸರೂ ಒಂದು ಟ್ರಾಲರ್‌ನದ್ದೇ. ವಯೋಲಾ ಕೂಡ ಯುದ್ಧ ಪೂರ್ತಿ ದುಡಿಯಿತು. 1918ರ ಆಗಸ್ಟ್‌ನಲ್ಲಿ ಜರ್ಮನ್ನರ ಯುಬಿ-30 ಸಬ್‌ಮರೀನನ್ನು ಮುಳುಗಿಸಿದ ಟ್ರಾಲರ್‌ಗಳಲ್ಲಿ ಅದೂ ಇತ್ತು.

ಮರುದಿನ ಬೆಳಿಗ್ಗೆ ಪ್ರವಾಸಿಗರನ್ನು ಇಳಿಸುವ ರಬ್ಬರ್ ಬೋಟ್ ಒಂದು ಸ್ಟಾರ್ಟ್ ಆಗಲೇ ಇಲ್ಲ. ಪ್ಲಗ್ ಬದಲಿಸಿದರು, ಬ್ಯಾಟರಿ ನೋಡಿದರು. ನನಗೆ ಮಾವನ ಮಾತು ನೆನಪಾಯಿತು: "ಮೊದ್ಲು ಎಣ್ಣೆಗೆ ನೀರು ಸೇರಿತ್ತಾ ಕಾಣು." ಪೆಟ್ರೋಲ್ ಪೈಪ್ ಬಿಚ್ಚಿ, ಅದರ ರಬ್ಬರ್ ಪಂಪ್ ಬಲ್ಬ್ ಹಿಂಡಿ ಒಂದು ಗಾಜಿನ ಬಾಟಲಿಗೆ ತುಂಬಿದೆ. ಎರಡು ನಿಮಿಷ ಸುಮ್ನೆ ಇಟ್ಟೆ. ತಳದಲ್ಲಿ ನೀರು ಗುಂಡುಗುಂಡಾಗಿ ಕೂತಿತ್ತು. ಟ್ಯಾಂಕ್ ಬದಲಿಸಿ, ಫಿಲ್ಟರ್‌ನ ನೀರು ಚೆಲ್ಲಿದ ಮೇಲೆ ಎಂಜಿನ್ ಹಿಡಿಯಿತು.

"ಇದನ್ನ ಎಲ್ಲಿ ಕಲಿತೆ?" ಅಂತ ಚೀಫ್ ಎಂಜಿನಿಯರ್ ಕೇಳಿದರು. ಆ ಬಾರಿ ಮುಚ್ಚಿಡಲಿಲ್ಲ. "ಮೀನಿನ ದೋಣಿಯಲ್ಲಿ, ಸರ್. ನಮ್ಮ ಮಾವ ಕಲಿಸಿದ್ದು" ಅಂದೆ. ಅಂದಿನಿಂದ ಆ ಬೋಟ್‌ಗಳ ಎಂಜಿನ್ ಜವಾಬ್ದಾರಿ ನನ್ನದು. ಹೊಸ ಹುಡುಗರಿಬ್ಬರಿಗೆ ಕಲಿಸುವುದೂ ನನ್ನದೇ.

ರಾತ್ರಿ ಮಾವನಿಗೆ ಡಯಾಸ್‌ನ ಫೋಟೋ ಕಳಿಸಿ ಕತೆಯೆಲ್ಲ ಹೇಳಿದೆ. ಸಬ್‌ಮರೀನ್ ಬಗ್ಗೆ ಅವರು ಏನೂ ಕೇಳಲಿಲ್ಲ. "ಅಷ್ಟು ಜನ ಮೀನಿಗೆ ಹೋಗುವವರನ್ನ ಯುದ್ಧಕ್ಕೆ ಕರ್ಕೊಂಡು ಹೋದ್ರಲ್ಲ, ವಾಪಸ್ ಎಷ್ಟು ಜನ ಬಂದ್ರು?" ಅಂತ ಕೇಳಿದರು.