ಎಪಫ್ರೊದೀತನಿಗೆ ಹುಷಾರಿರಲಿಲ್ಲ

ಸತ್ಯವೇದದಲ್ಲಿ, ಸುವಾರ್ತೆ ಸಾರುತ್ತಿದ್ದ ಪೌಲ ಫಿಲಿಪ್ಪಿ ಊರಿನ ಕ್ರೈಸ್ತ ಸಭೆಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಅಂದರೆ ನಮ್ಮ ಸಭೆಯಲ್ಲಿ ಬಹಳ ಜನಕ್ಕೆ 11ನೇ ವಚನದವರೆಗೆ ಬಾಯಿಪಾಠ. ಬೇರೆಯವರನ್ನು ನಮಗಿಂತ ಹೆಚ್ಚಿನವರೆಂದು ಎಣಿಸಬೇಕು, ಕ್ರಿಸ್ತನು ತನ್ನನ್ನು ತಗ್ಗಿಸಿಕೊಂಡ, ಶಿಲುಬೆಯ ಮರಣದವರೆಗೂ ವಿಧೇಯನಾದ. ಪ್ರಸಂಗ ಅಲ್ಲಿಗೆ ಮುಗಿಯುತ್ತದೆ. ಅದೇ ಅಧ್ಯಾಯದ ಕೊನೆಯಲ್ಲಿ ಯಾರನ್ನು ಕಳಿಸುತ್ತೇನೆ, ಯಾರಿಗೆ ಹುಷಾರಿರಲಿಲ್ಲ ಎಂದೆಲ್ಲ ಪೌಲ ಬರೆದಿದ್ದಾನೆ. ಅದು ಸುಮ್ನೆ ಊರ ಸಮಾಚಾರ ಅನ್ನುವ ಹಾಗೆ ದಾಟಿಬಿಡುತ್ತೇವೆ. ನಮ್ಮ ವಾರದ ಸತ್ಯವೇದ ಅಧ್ಯಯನ ನಡೆಸುವುದು ನಾನೇ. ಹಾಗಾಗಿ ಈ ಸಲ ಹಟ ಮಾಡಿ ಆ ಸಮಾಚಾರದಿಂದಲೇ ಶುರು ಮಾಡಿದೆ.

ಪೌಲ ಆಗ ಸೆರೆಯಲ್ಲಿದ್ದ. ಆ ಕಾಲದಲ್ಲಿ ಕೈದಿಯ ಊಟ ಬಟ್ಟೆ ನೋಡಿಕೊಳ್ಳುವುದು ಹೆಚ್ಚಾಗಿ ಅವನ ಕಡೆಯವರ ಪಾಡು. ಫಿಲಿಪ್ಪಿಯ ಸಭೆ ಸಹಾಯ ಕೂಡಿಸಿ ತಮ್ಮವನೇ ಆದ ಎಪಫ್ರೊದೀತನ ಕೈಯಲ್ಲಿ ಕಳಿಸಿತು. ಬಂದವನು ಕಾಯಿಲೆ ಬಿದ್ದು ಸಾಯುವ ಹಾಗಾದ. ಸುದ್ದಿ ಫಿಲಿಪ್ಪಿಗೆ ಮುಟ್ಟಿತು. ಈಗ ಅವನ ಸಂಕಟ ಏನು ಗೊತ್ತಾ? ತನಗೆ ಹುಷಾರಿಲ್ಲ ಅಂತ ಅವರಿಗೆ ಗೊತ್ತಾಗಿಬಿಟ್ಟಿತಲ್ಲ ಅಂತ!

ಇದನ್ನು ಓದಿದಾಗ ನನಗೆ ನಗು ಬಂತು. ಏಕೆಂದರೆ ನಮ್ಮ ಅತ್ತೆ ಥೇಟ್ ಹೀಗೇ. ಆಪರೇಷನ್ ಆಗಿ ಮಲಗಿದ್ದಾಗ ಎಚ್ಚರವಾದ ತಕ್ಷಣ ಅವರು ಕೇಳಿದ್ದು, "ನನ್ನ ತಂಗಿಗೆ ಯಾರಾದ್ರೂ ಫೋನ್ ಮಾಡಿದ್ರಾ? ಮಾಡಬೇಡಿ, ಅವಳಿಗೆ ರಾತ್ರಿ ನಿದ್ದೆ ಬರಲ್ಲ." ತಮ್ಮ ಹೊಲಿಗೆಯ ನೋವಿನ ಮಾತೇ ಇಲ್ಲ.

ಪೌಲನ ವಿಷಯಕ್ಕೆ ಬರುತ್ತೇನೆ. ಸೆರೆಯಲ್ಲಿ ಇರುವವನಿಗೆ ಓಡಾಡಿ ಕೆಲಸ ಮಾಡಿಕೊಡುವ ಒಬ್ಬ ಮನುಷ್ಯ ಅಂದರೆ ಎಷ್ಟು ದೊಡ್ಡ ಆಸರೆ. ಅಂಥವನನ್ನೇ ಪೌಲ ವಾಪಸ್ ಕಳಿಸುತ್ತಾನೆ. ಅವನನ್ನು ನೋಡಿ ನಿಮಗೆ ಸಂತೋಷವಾಗಲಿ, ಆಗ ನನ್ನ ದುಃಖವೂ ಕಡಿಮೆಯಾಗುತ್ತದೆ ಅನ್ನುತ್ತಾನೆ. ಜೊತೆಗೆ, ಇಂಥವರನ್ನು ಗೌರವದಿಂದ ಕಾಣಿ ಎಂದೂ ಸೇರಿಸುತ್ತಾನೆ. ಇದು ನನ್ನ ಊಹೆ: ಕಳಿಸಿದ ಕೆಲಸ ಅರ್ಧಕ್ಕೆ ಬಿಟ್ಟು ಬಂದ ಅಂತ ಯಾರೂ ಅವನ ಬಗ್ಗೆ ಗೊಣಗಬಾರದು, ಅದಕ್ಕೇ ಮುಂಚೆಯೇ ಬಾಯಿ ಕಟ್ಟಿಸಿದ್ದಾನೆ. ಫಿಲಿಪ್ಪಿಯವರಿಗೆ ಪೌಲನ ಚಿಂತೆ, ಎಪಫ್ರೊದೀತನಿಗೆ ಫಿಲಿಪ್ಪಿಯವರ ಚಿಂತೆ, ಪೌಲನಿಗೆ ಇಬ್ಬರದೂ. ಮೇಲಿನ ವಚನಗಳಲ್ಲಿ ಹೇಳಿದ್ದು ಇಲ್ಲಿ ನಡೆಯುತ್ತಿದೆ, ಅಲ್ವಾ?

ಫಿಲಿಪ್ಪಿ ಸಾಮಾನ್ಯ ಊರಲ್ಲ. ಕ್ರಿಸ್ತಪೂರ್ವ 42ರ ಯುದ್ಧದ ನಂತರ ರೋಮಿನ ನಿವೃತ್ತ ಸೈನಿಕರನ್ನು ನೆಲೆಗೊಳಿಸಿದ ವಸಾಹತು. ನಾವು ರೋಮಿನವರು ಅನ್ನುವ ಹೆಮ್ಮೆ ಅಲ್ಲಿಯವರಿಗಿತ್ತು. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಪೌಲನ ಮೇಲೆ ದೂರು ಕೊಟ್ಟವರು ಅದನ್ನೇ ಮುಂದಿಡುತ್ತಾರೆ. ಅಂತಸ್ತೇ ಮುಖ್ಯವಾದ ಜಾಗದಲ್ಲಿ, ದಾಸನ ರೂಪ ತಾಳಿದ ಕ್ರಿಸ್ತನ ಮಾತು ಕೇಳಿ ಎಷ್ಟು ಜನಕ್ಕೆ ಮುಜುಗರವಾಯಿತೋ.

ಇಲ್ಲಿ ಒಂದು ಮಾತು ಹೇಳಲೇಬೇಕು. "ನೀನು ತಗ್ಗಿ ನಡಿ" ಅನ್ನುವ ಬುದ್ಧಿಮಾತು ಮನೆಗಳಲ್ಲಿ ಸೊಸೆಯರಿಗೆ ಹೋಗುತ್ತದೆ, ಸಭೆಗಳಲ್ಲಿ ಕುರ್ಚಿ ಜೋಡಿಸುವವರಿಗೆ ಹೋಗುತ್ತದೆ. ಆದರೆ ಈ ಅಧ್ಯಾಯದಲ್ಲಿ ಇಳಿದು ಬಂದವನು ಎಲ್ಲರಿಗಿಂತ ಮೇಲಿದ್ದವನು. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲೂ ಹಾಗೇ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆಂದು ತಿಳಿದೇ ಯೇಸು ಊಟದಿಂದ ಎದ್ದು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ. ಮೊದಲೇ ಕೆಳಗಿರುವವರನ್ನು ಇನ್ನಷ್ಟು ಒತ್ತುವುದಕ್ಕೆ ಈ ವಚನಗಳನ್ನು ಬಳಸುವುದು ನನಗೆ ಸಹಿಸಲು ಆಗುವುದಿಲ್ಲ.

ಅದೇ ಅಧ್ಯಾಯದಲ್ಲಿ ಶಿಷ್ಯ ಪೇತ್ರ ನನ್ನ ಕಾಲು ತೊಳೆಯಲೇಬಾರದು ಅಂತಾನಲ್ಲ, ಅದು ನಮ್ರತೆಯ ಹಾಗೆ ಕಾಣುತ್ತದೆ. ಯೇಸು ಒಪ್ಪಲಿಲ್ಲ. ಅತ್ತೆಯ ವಿಷಯದಲ್ಲಿ ಇದು ನನಗೆ ಅರ್ಥವಾಯಿತು. ಊರಿಗೆಲ್ಲ ಸೇವೆ ಮಾಡಿದವರು, ತಮ್ಮ ತಲೆ ಬಾಚಲು ನನಗೆ ಬಿಡಲು ಒದ್ದಾಡಿದರು. ಪೇತ್ರನ ಕಥೆ ತೆಗೆದೆ. "ನನಗೇ ಸಂಡೇ ಸ್ಕೂಲ್ ಪಾಠ ಹೇಳ್ತೀಯಾ?" ಎಂದು ರೇಗಿದರು. ಆಮೇಲೆ ಬಾಚಣಿಗೆ ಕೊಟ್ಟರು. ಇನ್ನೊಬ್ಬರ ಕೈಗೆ ತನ್ನನ್ನು ಒಪ್ಪಿಸುವುದು ಸೇವೆ ಮಾಡುವುದಕ್ಕಿಂತ ಕಷ್ಟ ಅಂತ ನನಗನ್ನಿಸುತ್ತದೆ.

ಅಂದಹಾಗೆ, ಫಿಲಿಪ್ಪಿಯವರೆಲ್ಲ ದೇವದೂತರೇನಲ್ಲ. ಅವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಂಗಸರು ಬರುತ್ತಾರೆ. ಸುವಾರ್ತೆಗಾಗಿ ಪೌಲನ ಜೊತೆ ದುಡಿದವರು, ಈಗ ಇಬ್ಬರಿಗೂ ಮನಸ್ತಾಪ. ಜಗಳ ಯಾಕೆ, ತಪ್ಪು ಯಾರದು ಅಂತ ಪೌಲ ಹೇಳುವುದಿಲ್ಲ. ಇಬ್ಬರನ್ನೂ ಒಂದೇ ರೀತಿ ಬೇಡಿಕೊಂಡು, ಅವರಿಗೆ ಸಹಾಯ ಮಾಡು ಎಂದು ಇನ್ನೊಬ್ಬರಿಗೆ ಒಪ್ಪಿಸುತ್ತಾನೆ. ನಮ್ಮ ಗುಂಪಿಗೆ ಮುಂದಿನ ವಾರ ಇದೇ ಭಾಗ. ಸಂತುಕೆಯದೇ ತಪ್ಪು ಇರಬೇಕು ಅಂತ ಒಬ್ಬರು ಈಗಲೇ ವಾದ ಶುರು ಮಾಡಿದ್ದಾರೆ.