ಅಪ್ಪನ ಕಾಲಿನ ಎಕ್ಸ್‌ರೇಯಲ್ಲಿ ಕಂಡ ಎರಡು ಗೆರೆ

ಎಕ್ಸ್‌ರೇ ತೆಗೆಸಿದ್ದು ಅಪ್ಪನ ಹೆಬ್ಬೆರಳ ಗಾಯಕ್ಕೆ. ಗದ್ದೆಯಲ್ಲಿ ಕಬ್ಬಿನ ಕೂಳೆ ಚುಚ್ಚಿ ಆದ ಗಾಯ ಎರಡು ತಿಂಗಳಾದರೂ ಮಾಗಿರಲಿಲ್ಲ. ಮೂಳೆಗೆ ಏನಾದರೂ ತಗುಲಿದೆಯಾ ನೋಡೋಣ ಅಂತ ಮೈಸೂರಿನ ಡಾಕ್ಟರ್ ಬರೆದುಕೊಟ್ಟಿದ್ದರು. ಮೂಳೆ ಸರಿಯಾಗೇ ಇತ್ತು. ಆದರೆ ಫಿಲಂ ಬೆಳಕಿಗೆ ಹಿಡಿದಾಗ, ಮೂಳೆಯೇ ಇಲ್ಲದ ಜಾಗದಲ್ಲಿ, ರೈಲು ಹಳಿಯ ಹಾಗೆ ಎರಡು ಬಿಳಿ ಗೆರೆ ಜೊತೆಯಾಗಿ ಬೆರಳ ಕಡೆ ಹೋಗಿದ್ದವು. "ಇದೇನು ಸಾರ್?" ಅಂದೆ. "ರಕ್ತನಾಳ ಕಣಮ್ಮ" ಅಂದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ರಕ್ತನಾಳ ಮಾಮೂಲಿ ಎಕ್ಸ್‌ರೇಯಲ್ಲಿ ಕಾಣಬಾರದು ಅಂತ ಗೊತ್ತು. ಕಾಣುತ್ತಿದೆ ಅಂದರೆ ಅದರ ಗೋಡೆಯಲ್ಲಿ ಕ್ಯಾಲ್ಸಿಯಂ ಕೂತಿದೆ ಅಂತ ಅರ್ಥ. ಕೈಕಾಲು ತಣ್ಣಗಾಯಿತು.

ವಾಪಸ್ ಮಂಡ್ಯದ ರೈಲಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ ಕೇಳಿದರು, "ಮಗ, ನಾನು ಎಲೆಗೆ ಸವರಿದ ಸುಣ್ಣ ಎಲ್ಲಾ ಕಾಲಿಗೆ ಇಳೀತಾ?" ಊರಿಗೆ ಬಂದ ಮೇಲೆ ಇನ್ನೊಂದು ಮಾತು ಸೇರಿಕೊಂಡಿತು. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅರವತ್ತು ವರ್ಷ ಮುದ್ದೆ ತಿಂದಿದ್ದಕ್ಕೇ ಹೀಗಾಯಿತು ಅಂತ ಯಾರೋ ಹೇಳಿದರು. ಅಪ್ಪ ಮುದ್ದೆ ಬಿಟ್ಟೇಬಿಟ್ಟರು. ಎರಡು ವಾರದಲ್ಲಿ ಮುಖ ಇಳಿದು ಹೋಯಿತು. ಆಗ ನಾನು ಕೂತು ಓದಲು ಶುರು ಮಾಡಿದೆ, ಮುಂದಿನ ಸಲ ಡಾಕ್ಟರ ಹತ್ತಿರ ಕೇಳಬೇಕಾದ್ದನ್ನೆಲ್ಲ ಬರೆದಿಟ್ಟುಕೊಂಡೆ.

ನಮ್ಮ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ನಾಳದಲ್ಲೂ ಹಾಗೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಹಾಗಲ್ಲ. ಹಂಡೆಗೆ ಜೀವ ಇಲ್ಲ. ನಾಳದ ಗೋಡೆಗೆ ಜೀವ ಇದೆ, ಈ ಕೆಲಸದಲ್ಲಿ ಅದರದ್ದೇ ಕೈಯಿದೆ.

ಅಪಧಮನಿಯ, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳದ, ಗೋಡೆಗೆ ಮೂರು ಪದರ. ಒಳಪದರದಲ್ಲಿ ಕೊಬ್ಬು ಸೇರಿ ಗಡ್ಡೆ ಕಟ್ಟುವುದು, ಅದರಲ್ಲಿ ಕ್ಯಾಲ್ಸಿಯಂ ಕೂರುವುದು ಹೃದಯಾಘಾತದ ಕತೆಯಲ್ಲಿ ಬರುವಂಥದ್ದು. ಅಪ್ಪನದ್ದು ನಡುಪದರದ್ದು, ಅಂದರೆ ಸ್ನಾಯು ಇರುವ ಪದರದ್ದು. ಮೋಂಕೆಬರ್ಗ್ ಅನ್ನುವ ಜರ್ಮನ್ ವೈದ್ಯರು 1903ರಲ್ಲೇ ಇದರ ಬಗ್ಗೆ ಬರೆದಿದ್ದರು. ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಅಪ್ಪನಿಗೆ ಎರಡೂ ಇವೆ. ಸಕ್ಕರೆ ಬಂದು 21 ವರ್ಷ, ಕಿಡ್ನಿ ಸೋಲಲು ಶುರುವಾಗಿ ಐದು.

ನಾವು ಕ್ಯಾಲ್ಸಿಯಂ ಹೆಸರು ಹೇಳುತ್ತೇವೆ. ಆದರೆ ಅದರ ಜೊತೆಗಾರ ಫಾಸ್ಫೇಟ್ ಕಡೆ ನೋಡುವುದೇ ಇಲ್ಲ. ಹೆಚ್ಚಾದ ಫಾಸ್ಫೇಟನ್ನು ಹೊರಹಾಕುವುದು ಕಿಡ್ನಿ. ಕಿಡ್ನಿ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ. ನಾಳದ ಸ್ನಾಯುಕೋಶಗಳು ಅದನ್ನು ಒಳಗೆ ಎಳೆದುಕೊಳ್ಳುತ್ತಾ ಎಳೆದುಕೊಳ್ಳುತ್ತಾ ತಮ್ಮ ಕಸುಬನ್ನೇ ಬದಲಾಯಿಸುತ್ತವೆ. ಹಿಗ್ಗಿ ಕುಗ್ಗುವ ಕೆಲಸ ಬಿಟ್ಟು ಮೂಳೆ ಕಟ್ಟುವ ಕೋಶದ ಹಾಗೆ ನಡೆದುಕೊಳ್ಳುತ್ತವೆ. ಮೂಳೆ ಕಟ್ಟಿಸುವ ರನ್ಕ್ಸ್-2 ಅನ್ನುವ ಜೀನ್ ಅಲ್ಲಿ ಎಚ್ಚರವಾಗುತ್ತದೆ. ಕೊನೆಗೆ ಅಲ್ಲಿ ಕೂರುವ ಹರಳು ನಮ್ಮ ಮೂಳೆಯಲ್ಲಿರುವ ಜಾತಿಯದ್ದೇ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಎಲ್ಲರ ನಾಳವೂ ಯಾಕೆ ಗಟ್ಟಿಯಾಗುವುದಿಲ್ಲ? ತಡೆಯುವ ಕಾವಲುಗಾರರು ಇದ್ದಾರೆ. ಯಕೃತ್ತು ಮಾಡಿ ಕಳಿಸುವ ಫೆಟುಯಿನ್ ಅನ್ನುವ ಪ್ರೋಟೀನು ಒಂದು, ಪೈರೋಫಾಸ್ಫೇಟ್ ಅನ್ನುವ ಸಣ್ಣ ಅಣು ಇನ್ನೊಂದು. ಎಂಜಿಪಿ ಅನ್ನುವ ಪ್ರೋಟೀನು ನಾಳದ ಗೋಡೆಯಲ್ಲೇ ಇರುತ್ತದೆ, ಅದು ಕೆಲಸ ಮಾಡಲು ವಿಟಮಿನ್ ಕೆ ಬೇಕು. ಆ ಎಂಜಿಪಿ ಇಲ್ಲದ ಇಲಿಗಳನ್ನು ವಿಜ್ಞಾನಿಗಳು ಬೆಳೆಸಿ 1997ರಲ್ಲಿ ವರದಿ ಮಾಡಿದರು. ಅವುಗಳ ನಾಳಗಳು ಸುಣ್ಣಗಟ್ಟಿ, ಎರಡೇ ತಿಂಗಳೊಳಗೆ ಒಡೆದು ಅವು ಸತ್ತವು. ಅಂದರೆ ಗಟ್ಟಿಯಾಗದಂತೆ ನಮ್ಮ ಮೈ ದಿನಾ ದುಡಿಯುತ್ತಲೇ ಇರುತ್ತದೆ. ಕಾಯಿಲೆಯಲ್ಲಿ ಆ ದುಡಿಮೆ ಸೋಲುತ್ತದೆ.

ಇನ್ನೊಂದು ಮಾತು ಹೇಳಲೇಬೇಕು, ಇದರಲ್ಲಿ ನಾನು ಮೋಸ ಹೋಗಿದ್ದೆ. ಅಪ್ಪನ ಕಣಕಾಲಿಗೆ ಬಿಪಿ ಪಟ್ಟಿ ಸುತ್ತಿ ನೋಡಿದಾಗ ಕೈಗಿಂತ ತುಂಬಾ ಜಾಸ್ತಿ ಬಂತು. ಕಾಲಿಗೆ ರಕ್ತ ಚೆನ್ನಾಗೇ ಹೋಗುತ್ತಿದೆ ಅಂತ ಖುಷಿಪಟ್ಟೆ. ಡಾಕ್ಟರ್ ತಲೆ ಅಲ್ಲಾಡಿಸಿದರು. ಪಟ್ಟಿ ಎಷ್ಟು ಬಿಗಿದರೂ ಗಟ್ಟಿ ನಾಳ ಮುಚ್ಚುವುದಿಲ್ಲ, ಅದಕ್ಕೇ ಲೆಕ್ಕ ಸುಳ್ಳು ಬರುತ್ತದೆ. ಕಾಲಿನ ಲೆಕ್ಕವನ್ನು ಕೈಯದ್ದರಿಂದ ಭಾಗಿಸಿದಾಗ 1.4 ದಾಟಿದರೆ ಅನುಮಾನ ಪಡಬೇಕಂತೆ. ಆಮೇಲೆ ಕಾಲ್ಬೆರಳಿನ ರಕ್ತದೊತ್ತಡ ನೋಡಿದರು, ಬೆರಳಿನ ಸಣ್ಣ ನಾಳಗಳು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಅಲ್ಲಿ ನಿಜ ತಿಳಿಯಿತು. ರಕ್ತ ಸಾಕಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಮಾಗದಿದ್ದರೆ, ಕಾಲ್ಬೆರಳಿನ ಒತ್ತಡ ನೋಡುತ್ತೀರಾ ಅಂತ ದಯವಿಟ್ಟು ಡಾಕ್ಟರನ್ನು ಕೇಳಿ.

ಮುದ್ದೆಯ ವಿಚಾರಕ್ಕೆ ಬರುತ್ತೇನೆ. ಎಲೆಯ ಸುಣ್ಣ ಬಿಡಿ ಅಂದರು ಡಾಕ್ಟರ್. ಕಿಡ್ನಿ ಸೋತವರಿಗೆ ಹೊರಗಿನ ಕ್ಯಾಲ್ಸಿಯಂ ಹೆಚ್ಚಾದರೂ ಕಷ್ಟ. ಆದರೆ ಕಾಯಿಲೆ ಹುಟ್ಟಿದ್ದು ಸುಣ್ಣದಿಂದಲೂ ಅಲ್ಲ, ರಾಗಿಯಿಂದಲೂ ಅಲ್ಲ. ಕಾಳಿನೊಳಗಿನ ಫಾಸ್ಫೇಟ್ ಮೈಗೆ ಅರೆಬರೆ ಹತ್ತುತ್ತದೆ. ಕಪ್ಪು ಕೋಲಾ, ಪ್ಯಾಕೆಟ್ ತಿಂಡಿಗಳಿಗೆ ಬೆರೆಸುವ ಫಾಸ್ಫೇಟ್ ಹೆಚ್ಚುಕಮ್ಮಿ ಪೂರ್ತಿ ಹತ್ತುತ್ತದೆ. ಅಪ್ಪ ಸಂತೆಗೆ ಹೋದಾಗಲೆಲ್ಲ ಒಂದು ಕೋಲಾ ಕುಡಿಯುತ್ತಿದ್ದರು. ಅದು ನಿಂತಿತು. ಮುದ್ದೆ ವಾಪಸ್ ಬಂತು, ಎಷ್ಟು ಅಂತ ಡಯೆಟಿಷಿಯನ್ ಹೇಳಿದ ಅಳತೆಯಲ್ಲಿ.

ಫಾಸ್ಫೇಟ್ ಹಿಡಿಯುವ ಮಾತ್ರೆ ಮೊದಲಿನಿಂದ ಕೊಟ್ಟಿದ್ದರು. ಅಂಗಡಿಯವರು ಕವರ್ ಮೇಲೆ 1-1-1 ಅಂತಷ್ಟೇ ಬರೆದಿದ್ದರು. ಅಪ್ಪ ಎಂಟು ತಿಂಗಳು ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದ್ದಾರೆ. ಊಟದಲ್ಲಿ ಬಂದ ಫಾಸ್ಫೇಟನ್ನು ಹೊಟ್ಟೆಯಲ್ಲೇ ಹಿಡಿಯುವ ಮಾತ್ರೆ ಅದು, ಊಟವೇ ಇಲ್ಲದಿದ್ದರೆ ಏನು ಹಿಡಿಯಬೇಕು? ಆ ಎಂಟು ತಿಂಗಳು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಗ ರಕ್ತದಲ್ಲಿ ಫಾಸ್ಫೇಟ್ 6.8 ಇತ್ತು, 4.5ರ ಒಳಗಿರಬೇಕು. ಮೊನ್ನೆ 5.1ಕ್ಕೆ ಇಳಿದಿದೆ. ಕಟ್ಟಿದ್ದನ್ನು ಕರಗಿಸಿ ತೆಗೆಯುವ ಔಷಧಿ ಇಲ್ಲ, ಆ ಎರಡು ಗೆರೆ ಹಾಗೇ ಇರುತ್ತವೆ. ಗಾಯ ಅಕ್ಕಿಕಾಳಿನಷ್ಟಾಗಿದೆ. ಈಗ ಅಪ್ಪ ತಟ್ಟೆಯ ಅಂಚಿನಲ್ಲಿ ಮಾತ್ರೆ ಇಟ್ಟುಕೊಂಡು, "ಈಗ ನುಂಗ್ಲಾ ಮಗ?" ಅಂತ ಕೇಳಿಯೇ ಮುದ್ದೆ ಮುರಿಯುತ್ತಾರೆ.