ಗುಹೆಯೊಳಗೆ ನುಡಿಸಿದ ನಾಲ್ಕು ಹಾಡುಗಳು

ಕೇಳುಗರನ್ನು ಕನಸಿನಂಥ ಲೋಕಕ್ಕೆ ಒಯ್ಯುವ ಸೈಕೆಡೆಲಿಕ್ ರಾಕ್ ಸಂಗೀತ ಹುಟ್ಟಿದಂದಿನಿಂದಲೂ ಇಲ್ಲದ ಜಾಗಗಳನ್ನು ಕಟ್ಟುತ್ತಲೇ ಬಂದಿದೆ. ಚಿಕ್ಕ ಕೋಣೆಯಲ್ಲಿ ನುಡಿಸಿದ ಗಿಟಾರು ಕಣಿವೆಯಲ್ಲಿಯೋ ಅಂತರಿಕ್ಷದಲ್ಲಿಯೋ ನುಡಿದಂತೆ ಕೇಳಿಸಬೇಕು ಎನ್ನುವುದೇ ಅದರ ಮುಖ್ಯ ಹಂಬಲ. ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದವರು ಬಳಸಿದ ಬಿನ್ಸನ್ ಎಕೋರೆಕ್ ಎಂಬ ಇಟಲಿಯ ಯಂತ್ರವು, ಒಳಗೆ ತಿರುಗುವ ಕಾಂತೀಯ ಚಕ್ರದ ಮೇಲೆ ಸ್ವರವನ್ನು ಬರೆದುಕೊಂಡು, ತುಸು ತುಸು ತಡವಾಗಿ ಅದನ್ನೇ ಮತ್ತೆ ಮತ್ತೆ ಒಪ್ಪಿಸುತ್ತಿತ್ತು. 1974ರಲ್ಲಿ ಬಂದ ರೋಲ್ಯಾಂಡ್ ಸ್ಪೇಸ್ ಎಕೋ ಇದೇ ಕೆಲಸವನ್ನು ಟೇಪಿನ ಸುರುಳಿಯಿಂದ ಮಾಡಿತು. ಹಾಲಿವುಡ್ಡಿನ ಕ್ಯಾಪಿಟಲ್ ಸ್ಟುಡಿಯೋದವರಂತೂ ಪ್ರತಿಧ್ವನಿಗೆಂದೇ ನೆಲದಡಿಯಲ್ಲಿ ಕಾಂಕ್ರೀಟಿನ ಕೋಣೆಗಳನ್ನು ಕಟ್ಟಿಸಿದರು. ಗುಹೆ ಬೇಕಾದವರು ಹೀಗೆ ಗುಹೆಯನ್ನೇ ತಯಾರಿಸಿಕೊಳ್ಳುತ್ತಿದ್ದಾಗ, ನಿಜವಾದ ಗುಹೆಗೆ ಇಳಿದು ಹೋಗಿ ಆಲ್ಬಮ್ ಮಾಡಿದವರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ದೊಡ್ಡ ಕಂಪನಿಗಳ ಹಂಗಿಲ್ಲದ ಆ ಸ್ವತಂತ್ರ ತಂಡದ ಹೆಸರು ಕಿಂಗ್ ಬಫಲೋ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ 2013ರಲ್ಲಿ ಶುರುವಾದ ಈ ತಂಡದಲ್ಲಿ ಇರುವವರು ಮೂವರೇ: ಗಿಟಾರು ಮತ್ತು ಹಾಡಿಕೆಗೆ ಶಾನ್ ಮೆಕ್‌ವೇ, ಬೇಸ್ ಗಿಟಾರಿಗೆ ಡ್ಯಾನ್ ರೆನಾಲ್ಡ್ಸ್, ಡ್ರಮ್ಸಿಗೆ ಸ್ಕಾಟ್ ಡೊನಾಲ್ಡ್‌ಸನ್. 2016ರಲ್ಲಿ ಮೊದಲ ಆಲ್ಬಮ್ 'ಒರಾಯನ್' ಬಂತು. ಸಾಂಕ್ರಾಮಿಕದಿಂದ ಪ್ರವಾಸವೆಲ್ಲ ನಿಂತುಹೋದಾಗ ಅವರು ಮೂರು ಆಲ್ಬಮ್‌ಗಳನ್ನು ಒಂದೇ ವರ್ಷದಲ್ಲಿ ಹೊರತರುವ ಯೋಜನೆ ಹಾಕಿದರು. 2021ರ ಜೂನಿನಲ್ಲಿ ಮೊದಲನೆಯದು ಬಂತು, ಡಿಸೆಂಬರಿನಲ್ಲಿ ಎರಡನೆಯದು. ಮೂರನೆಯದು ಮಾತ್ರ 2022ರ ಸೆಪ್ಟೆಂಬರಿಗೆ ಜಾರಿತು. ಈ ಮೂರರ ನಡುವಿನ 'ಅಕೆರಾನ್' ಎಂಬುದೇ ಗುಹೆಯ ಆಲ್ಬಮ್.

ಗುಹೆಯ ಕಥೆಯೂ ಸ್ವಾರಸ್ಯಕರವಾಗಿದೆ. ನ್ಯೂಯಾರ್ಕಿನ ಸ್ಕೊಹ್ಯಾರಿ ಕೌಂಟಿಯಲ್ಲಿರುವ ಹೌ ಕ್ಯಾವರ್ನ್ಸ್ ಎಂಬ ಈ ಸುಣ್ಣಕಲ್ಲಿನ ಗುಹೆಯನ್ನು 1842ರಲ್ಲಿ ಲೆಸ್ಟರ್ ಹೌ ಎಂಬ ರೈತ ಕಂಡುಹಿಡಿದ. ಬಿರು ಬೇಸಿಗೆಯಲ್ಲಿ ಅವನ ಹಸುಗಳು ನೆರಳು ಬಿಟ್ಟು ಒಂದು ಪೊದೆಯ ಬಳಿಯೇ ಗುಂಪುಗೂಡುತ್ತಿದ್ದವಂತೆ. ಏಕಿರಬಹುದೆಂದು ಹೋಗಿ ನೋಡಿದರೆ ಪೊದೆಯ ಹಿಂದಿನ ಬಿರುಕಿನಿಂದ ತಣ್ಣನೆಯ ಗಾಳಿ ಬೀಸುತ್ತಿತ್ತಂತೆ. ನೆಲಮಟ್ಟದಿಂದ 156 ಅಡಿ ಕೆಳಗಿರುವ ಆ ಜಾಗದಲ್ಲಿ ವರ್ಷದ ಎಲ್ಲ ದಿನವೂ ಸುಮಾರು 11 ಡಿಗ್ರಿ ಸೆಲ್ಸಿಯಸ್ ತಂಪು, ತೇವ ತುಂಬಿದ ಗಾಳಿ, ನಡುವೆ ಹರಿಯುವ ನೀರು. ಆಂಪ್ಲಿಫೈಯರು, ಡ್ರಮ್ಸು, ಮೈಕುಗಳೆಲ್ಲವನ್ನೂ ಅಲ್ಲಿಗೆ ಇಳಿಸಿ ಮೂವರೂ ಒಟ್ಟಿಗೆ ನುಡಿಸಿದರು. ಅದರ ಚಿತ್ರೀಕರಣವೂ ನಡೆಯಿತು. ಪ್ರೇಕ್ಷಕರಿಲ್ಲದ ಪ್ರಾಚೀನ ರಂಗಮಂದಿರದಲ್ಲಿ ಪಿಂಕ್ ಫ್ಲಾಯ್ಡ್ ತಂಡ 1971ರಲ್ಲಿ ಇಟಲಿಯ ಪಾಂಪೇಯಿಯಲ್ಲಿ ನುಡಿಸಿದ್ದು ಎಲ್ಲರಿಗೂ ನೆನಪಾಗುತ್ತದೆ, ನನಗೂ ಆಯಿತು. ಆದರೆ ಆಕಾಶ ಕಾಣುವ ರಂಗಮಂದಿರಕ್ಕೂ ಮೇಲೆ ಕೆಳಗೆ ಸುತ್ತಲೂ ಕಲ್ಲೇ ಇರುವ ಬಿಲಕ್ಕೂ ನಾದದ ದೃಷ್ಟಿಯಿಂದ ಅಜಗಜಾಂತರವಿದೆ.

ಸ್ವಲ್ಪ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಅಷ್ಟು ತಂಪಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 338 ಮೀಟರ್ ಸಾಗುತ್ತದೆ. 17 ಮೀಟರ್ ದೂರದಲ್ಲೊಂದು ಕಲ್ಲಿನ ಗೋಡೆಯಿದ್ದರೆ ನುಡಿಸಿದ ಸ್ವರ ಅದಕ್ಕೆ ತಾಗಿ ಮರಳಲು ಒಂದು ಸೆಕೆಂಡಿನ ಹತ್ತರಲ್ಲೊಂದು ಭಾಗ ಬೇಕು. ನಿಮಿಷಕ್ಕೆ 120 ಬೀಟಿನ ವೇಗದಲ್ಲಿ ನುಡಿಸುವವನು ಒಂದು ಬೀಟನ್ನು ನಾಲ್ಕಾಗಿ ಒಡೆದರೆ ಪ್ರತಿ ಚೂರಿಗೆ ಸಿಗುವ ಅವಧಿ 0.125 ಸೆಕೆಂಡ್. ಅಂದರೆ ಹಳೆಯ ಸ್ವರ ಮರಳಿ ಬರುವುದಕ್ಕೂ ಹೊಸ ಸ್ವರ ಹೊರಡುವುದಕ್ಕೂ ಹೆಚ್ಚುಕಡಿಮೆ ಒಂದೇ ಗಳಿಗೆ! ಗೋಡೆ ಒಂದೇ ಇದ್ದರೆ ಹೇಗೋ ಸಂಭಾಳಿಸಬಹುದಾಗಿತ್ತು, ಆದರೆ ಗುಹೆಯಲ್ಲಿ ಅಂಕುಡೊಂಕಾದ ನೂರಾರು ಮೈಗಳಿರುತ್ತವೆ, ಒಂದೊಂದೂ ತನ್ನ ಅಳತೆಯ ತಡದಲ್ಲಿ ಉತ್ತರ ಕೊಡುತ್ತದೆ, ಗಟ್ಟಿಯಾದ ಕಲ್ಲು ಮಂದ್ರದ ನಾದವನ್ನಂತೂ ಸುಲಭಕ್ಕೆ ಹೀರಿಕೊಳ್ಳುವುದಿಲ್ಲವಾದ್ದರಿಂದ ಬೇಸ್ ಗಿಟಾರಿನ ಒಂದು ಮೀಟು ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬಂದು ಕೂರುತ್ತದೆ. ಚಳಿಗೆ ತಂತಿ ಕುಗ್ಗಿ ಶ್ರುತಿ ಏರುವುದು ಇನ್ನೊಂದು ಉಪದ್ರವ. ಇಂಥ ಜಾಗದಲ್ಲಿ ಚುರುಕಾದ ಸಂಗೀತ ನುಡಿಸಿದರೆ ರಾಡಿಯಾಗುತ್ತದೆ.

ಆದ್ದರಿಂದ ಅವರು ಚುರುಕಾದದ್ದನ್ನು ನುಡಿಸಲಿಲ್ಲ. ಈ ಆಲ್ಬಮಿನ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಇದಕ್ಕೆ ಆರು ತಿಂಗಳ ಮೊದಲು ಬಂದ ಅವರದೇ ಆಲ್ಬಮ್ ಬಿಗಿಯಾಗಿತ್ತು, ಸಿಡುಕಿನದಾಗಿತ್ತು, ಹಲ್ಲು ಕಚ್ಚಿ ಎಣಿಸಬೇಕಾದ ತಾಳಗಳಿಂದ ಕೂಡಿತ್ತು. ಇಲ್ಲಿ ಅದೇ ಮೂವರು ಒಂದು ಸ್ವರಗುಚ್ಛವನ್ನು ಹಿಡಿದರೆ ಬಹಳ ಹೊತ್ತು ಬಿಡುವುದಿಲ್ಲ. ಸುಮಾರು ಹತ್ತು ಹತ್ತು ನಿಮಿಷಗಳ ನಾಲ್ಕೇ ಹಾಡುಗಳು, ಒಟ್ಟು ನಲವತ್ತು ನಿಮಿಷದ ಆಸುಪಾಸು, ಎಲ್‌ಪಿ ತಟ್ಟೆಯ ಎರಡು ಬದಿಗಳಿಗೆ ಹೇಳಿ ಮಾಡಿಸಿದಂಥ ಅಳತೆ. ಅವರು ಗುಹೆಗೆಂದೇ ಹಾಡು ಕಟ್ಟಿದರೋ, ಕಟ್ಟಿದ ಹಾಡಿಗೆ ಗುಹೆ ಒಪ್ಪಿತೋ ಎಂಬ ಪ್ರಶ್ನೆಗಿಂತ, ಸ್ವರ ಮತ್ತು ಸ್ವರದ ನಡುವೆ ಬಿಟ್ಟ ಜಾಗದಲ್ಲಿ ಕಲ್ಲಿಗೂ ಮಾತಾಡಲು ಅವಕಾಶ ಸಿಕ್ಕಿದೆ ಎನ್ನುವುದು ನನಗೆ ಮುಖ್ಯವಾಗಿ ಕಂಡಿತು.

ಮೊದಲ ಸಲ ಕೇಳಿದಾಗ ನನಗೆ ನಿರಾಸೆಯಾಗಿತ್ತು ಎನ್ನುವುದನ್ನೂ ಒಪ್ಪಿಕೊಳ್ಳಬೇಕು. ಗುಹೆಯೆಂದರೆ ಕೂಗಿದ ಮಾತು ಏಳು ಸಲ ಮರಳಿ ಬರುತ್ತದೆ ಎಂಬ ಬಾಲಿಶ ನಿರೀಕ್ಷೆ ನನ್ನಲ್ಲಿತ್ತು. ಕೇಳಿದ್ದೋ ಮೊಬೈಲಿನ ಸ್ಪೀಕರಿನಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನು ಒರಗಿಸಿಟ್ಟು, ಪಾತ್ರೆ ತೊಳೆಯುತ್ತ. ಅಂಥ ಸ್ಪೀಕರು ಬೇಸಿನ ಕೆಳಗಿನ ಅರ್ಧವನ್ನು ನುಂಗಿಬಿಡುತ್ತದೆ, ಉಳಿದದ್ದನ್ನು ನಲ್ಲಿಯ ಸದ್ದು ನುಂಗಿತು. ಒಂದು ವಾರ ಬಿಟ್ಟು ರಾತ್ರಿ ದೀಪ ಆರಿಸಿ, ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ ಕೇಳಿದಾಗ ವಿಷಯ ಬೇರೆಯೇ ಆಯಿತು. ಡ್ರಮ್ಸಿನ ಸ್ನೇರ್ ಪೆಟ್ಟನ್ನು ಮಾತ್ರ ಹಿಡಿದುಕೊಂಡು ಅದರ ಬಾಲವನ್ನು ಹಿಂಬಾಲಿಸಿದೆ. ಸ್ಟುಡಿಯೋದ ಕೃತಕ ಪ್ರತಿಧ್ವನಿಯಲ್ಲಿ, ಅಂದರೆ ರಿವರ್ಬಿನಲ್ಲಿ, ಆ ಬಾಲವು ನುಣುಪಾಗಿ, ಬೆಣ್ಣೆಯಂತೆ ಕರಗುತ್ತದೆ. ಇಲ್ಲಿ ಅದು ಒರಟಾಗಿ, ಎಲ್ಲೋ ಒಂದು ಕಡೆ ಎಡವಿದಂತೆ, ಮೂಲೆ ತಿರುಗಿ ಹೋದಂತೆ ಅಡಗುತ್ತದೆ. ಇದು ನನ್ನ ಕಲ್ಪನೆಯೂ ಇರಬಹುದು, ಗುಹೆಯೆಂದು ಗೊತ್ತಿದ್ದ ಕಿವಿಗೆ ಗುಹೆಯೇ ಕೇಳಿಸುತ್ತದೆ. ಆದರೂ ಆ ರಾತ್ರಿ ಒಂದೇ ಪೆಟ್ಟನ್ನು ಎಂಟು ಹತ್ತು ಸಲ ಹಿಂದಕ್ಕೆ ಸರಿಸಿ ಕೇಳಿದೆ.

ತಮಾಷೆಯ ಸಂಗತಿಯೆಂದರೆ, ನಿಜವಾದ ಗುಹೆಗೆ ಹೋದವರು ಸ್ವರವನ್ನು ತಡವಾಗಿ ಮರಳಿಸುವ ತಮ್ಮ ಡಿಲೇ ಪೆಡಲುಗಳನ್ನು ಮೇಲೆಯೇ ಬಿಟ್ಟು ಹೋಗಲಿಲ್ಲ. ಗಿಟಾರಿನ ಸ್ವರ ಒಮ್ಮೆ ಯಂತ್ರದ ಗುಹೆಯನ್ನು ಹಾದು, ಆಂಪ್ಲಿಫೈಯರಿನಿಂದ ಹೊರಬಿದ್ದು, ಬಳಿಕ ಕಲ್ಲಿನ ಗುಹೆಯನ್ನು ಹಾಯುತ್ತದೆ. ಶುದ್ಧತೆಯ ಹಟ ಹಿಡಿದವರು ಇದನ್ನು ಮೋಸವೆನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ, ಏಕೆಂದರೆ ಪೆಡಲಿನ ಪ್ರತಿಧ್ವನಿ ತಾಳಕ್ಕೆ ಸರಿಯಾಗಿ ಬರುತ್ತದೆ, ಕಲ್ಲಿನದು ತನ್ನ ಮನಸ್ಸಿಗೆ ಬಂದಾಗ ಬರುತ್ತದೆ, ಒಂದು ಲೆಕ್ಕಕ್ಕೆ ಸಿಕ್ಕುವುದೂ ಇನ್ನೊಂದು ಸಿಕ್ಕದಿರುವುದೂ ಜೊತೆಗೂಡಿದಾಗ ಹಾಡಿಗೆ ಒಂದು ಆಳ ಬಂದಿದೆ.

ಹಾಡುಗಳ ಹೆಸರುಗಳು ಗ್ರೀಕ್ ಪುರಾಣದ ಸುತ್ತ ಸುಳಿಯುತ್ತವೆ. ಅಕೆರಾನ್ ಸತ್ತವರ ಲೋಕದ ನದಿ, ಸೆರ್ಬೆರಸ್ ಆ ಲೋಕದ ಬಾಗಿಲು ಕಾಯುವ ಮೂರು ತಲೆಯ ನಾಯಿ, ಜೆಫಿರ್ ಪಡುವಣ ಗಾಳಿ. ಪುರಾಣದ ಹೆಸರುಗಳನ್ನು ಎರವಲು ತರುವುದು ಹೆವಿ ರಾಕಿನವರಿಗೆ ನೀರು ಕುಡಿದಷ್ಟು ಸಲೀಸಾಗಿ ಹೋಗಿದೆ. ಹತ್ತರಲ್ಲಿ ಒಂಬತ್ತು ಸಲ ಅದು ಮುಖಪುಟದ ಅಲಂಕಾರವಷ್ಟೇ. ಇಲ್ಲಿ ಮಾತ್ರ ನೆಲದಡಿಯಲ್ಲಿ ನೀರು ನಿಜವಾಗಿಯೂ ಹರಿಯುತ್ತಿರುವುದರಿಂದ ಹೆಸರಿಗೆ ಕಾಲು ಊರಲು ನೆಲ ಸಿಕ್ಕಿದೆ. 'ಜೆಫಿರ್' ಕೇಳುವಾಗಲೆಲ್ಲ ನನಗೆ ಪಡುವಣ ಗಾಳಿಗಿಂತ ಆ ಹಸುಗಳ ಮೈಗೆ ತಾಗಿದ ತಣ್ಣನೆಯ ಗಾಳಿಯೇ ನೆನಪಾಗುತ್ತದೆ. ನಾಲ್ಕರಲ್ಲಿ ಹೆಚ್ಚು ಕಚ್ಚುವುದು ಕೊನೆಯ 'ಸೆರ್ಬೆರಸ್'. ಅಲ್ಲಿಯವರೆಗೆ ಕಾದಿಟ್ಟ ಫಝ್, ಅಂದರೆ ಗಿಟಾರಿನ ಒರಟು ಗರಗರ ನಾದ, ಅಲ್ಲಿ ಖರ್ಚಾಗುತ್ತದೆ.

ದೂರುಗಳೂ ಇವೆ. ಮೆಕ್‌ವೇ ಅವರ ಹಾಡಿಕೆ ಮೃದುವಾದದ್ದು, ಹೆಚ್ಚು ಏರಿಳಿತವಿಲ್ಲದ್ದು. ವಾದ್ಯಗಳು ಉಸಿರು ಹಿಡಿದಿರುವಾಗ ಅದು ಒಪ್ಪುತ್ತದೆ, ಅವು ಉಬ್ಬಿ ಬಂದಾಗ ಮಾತುಗಳು ಅಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಮೆಲ್ಲಗೆ ಶುರುವಾಗಿ, ಪದರದ ಮೇಲೆ ಪದರ ಕೂಡಿ, ಕೊನೆಗೆ ಭೋರ್ಗರೆಯುವ ನಡೆಯನ್ನು ಈ ತಂಡ ಎಷ್ಟು ನೆಚ್ಚಿಕೊಂಡಿದೆಯೆಂದರೆ ಮೂರನೆಯ ಹಾಡಿನ ಹೊತ್ತಿಗೆ ಉಬ್ಬರ ಯಾವಾಗ ಬರುತ್ತದೆಂದು ಕಿವಿಗೆ ಮೊದಲೇ ಗೊತ್ತಾಗಿಬಿಡುತ್ತದೆ.

ಸ್ವತಂತ್ರ ತಂಡವೆಂಬ ವಿಶೇಷಣ ಇಲ್ಲಿ ಬರಿಯ ಬಿರುದಲ್ಲ. ಅಮೆರಿಕದಲ್ಲಿ ಈ ಆಲ್ಬಮನ್ನು ತಂಡವೇ ಹೊರತಂದಿತು, ಯುರೋಪಿನಲ್ಲಿ ಜರ್ಮನಿಯ ಸ್ಟಿಕ್‌ಮನ್ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆ. ಹಾಡೊಂದಕ್ಕೆ ಹತ್ತು ನಿಮಿಷ, ರೇಡಿಯೋದಲ್ಲಿ ಹಾಕಲು ಒಂದೂ ಇಲ್ಲ, ಒಂದೇ ವರ್ಷದಲ್ಲಿ ಎರಡನೆಯದು, ಅದೂ ಗುಹೆಯಲ್ಲಿ. ದೊಡ್ಡ ಕಂಪನಿಯ ಮೇಜಿನ ಮೇಲೆ ಈ ಪ್ರಸ್ತಾಪವನ್ನಿಟ್ಟರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಕಲಾವಿದರು ತಮ್ಮ ಸಂಗೀತವನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣವು 2020ರ ಮಾರ್ಚ್ 20ರಂದು ತನ್ನ ಪಾಲನ್ನು ಬಿಟ್ಟುಕೊಟ್ಟು ಮಾರಾಟದ ಹಣವನ್ನು ಕಲಾವಿದರಿಗೇ ತಲುಪಿಸುವ ಶುಕ್ರವಾರಗಳನ್ನು ಆರಂಭಿಸಿದ ಮೇಲೆ, ಸಂಗೀತ ಕಛೇರಿಗಳಿಲ್ಲದೆ ಕೈಕಟ್ಟಿ ಕುಳಿತಿದ್ದ ಇಂಥ ಅನೇಕ ತಂಡಗಳು ಉಸಿರಾಡಿದವು. ನಾನೂ ಹಾಗೆ ಒಂದು ಶುಕ್ರವಾರದಂದೇ ಇದನ್ನು ಕೊಂಡೆ.

ಇತ್ತೀಚೆಗೆ ನಾನು ಎರಡನೆಯ ಬದಿಯಿಂದ ಶುರುಮಾಡುತ್ತಿದ್ದೇನೆ. 'ಶ್ಯಾಡೋಸ್' ಮೊದಲು, ಆಮೇಲೆ 'ಸೆರ್ಬೆರಸ್', ಅದಾದ ಮೇಲೆ ಮಗುಚಿ ಹಾಕಿ ಮೊದಲ ಬದಿ. ತಂಡದವರು ಇಟ್ಟ ಕ್ರಮವನ್ನು ಕೆಡಿಸುವುದು ಸರಿಯಲ್ಲವೆಂದು ಗೊತ್ತು. ಆದರೆ ನಾಯಿಯನ್ನು ಮೊದಲು ದಾಟಿಕೊಂಡರೆ ನದಿಯ ಬಳಿ ಇನ್ನಷ್ಟು ಹೊತ್ತು ಕುಳಿತಿರಬಹುದು.